ಬೇವು ಒಣಗಿದಾಗ ಯಾವ ದಾರಿ: ಟೊಂಗೆ ಕಡಿಯುವುದೋ, ಔಷಧ ಹೊಡೆಯುವುದೋ, ಸುಮ್ಮನೆ ಬಿಡುವುದೋ?

ಕೆಲವು ವರ್ಷಗಳಿಂದೀಚೆಗೆ ಮಳೆಗಾಲ ಮುಗಿಯುತ್ತ ಬಂದಂತೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಹೊಲದ ಬದುಗಳಲ್ಲಿ, ರಸ್ತೆಯ ಬದಿಯಲ್ಲಿ, ಗುಡಿಯ ಕಟ್ಟೆಯ ಮೇಲೆ ನಿಂತ ಬೇವಿನ ಮರಗಳ ತುದಿಗಳು ಬೆಂಕಿಯ ಝಳ ತಾಗಿದಂತೆ ಕಂದುವುದನ್ನು ನೋಡಿ ಜನ ಗಾಬರಿಯಾಗುತ್ತಿದ್ದಾರೆ. ಗಾಬರಿಯಾದವರು ಮೊದಲು ಹೋಗುವುದು ಗೊಬ್ಬರ, ಔಷಧದ ಅಂಗಡಿಗೆ. ಅಲ್ಲಿ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ, ‘ಎಣ್ಣೆ ಹೊಡೆಯಿರಿ’, ಅಂದರೆ ಔಷಧ ಸಿಂಪಡಿಸಿರಿ. ಹತ್ತಿಗೆ, ಮೆಣಸಿನಕಾಯಿಗೆ, ಭತ್ತಕ್ಕೆ ಎಣ್ಣೆ ಹೊಡೆಯುವ ಲೆಕ್ಕಾಚಾರ ಮರಕ್ಕೆ ಹೊಂದುವುದಿಲ್ಲ ಎಂಬುದನ್ನು ಅಲ್ಲಿ ಯಾರೂ ಹೇಳುವುದಿಲ್ಲ. ಬೆಳೆಯ ಆಯುಷ್ಯ ತಿಂಗಳುಗಳದ್ದು, ಎತ್ತರ ಎದೆಮಟ್ಟದ್ದು. ಮರದ ಆಯುಷ್ಯ ತಲೆಮಾರುಗಳದ್ದು, ಎತ್ತರ ಬೆನ್ನಿಗೆ ಹಾಕುವ ಪಂಪಿಗೆ ಎಟುಕದ್ದು. ಮೇಲಾಗಿ ಅದರ ಸೊಪ್ಪನ್ನು ಕುರಿ ಮೇಯುತ್ತವೆ, ಹೂವಿಗೆ ಜೇನು ಬರುತ್ತದೆ, ನೆರಳಿನಲ್ಲಿ ಮಕ್ಕಳು ಆಡುತ್ತಾರೆ.

ಈ ಬರಹದಲ್ಲಿ ಬೇವನ್ನು ಮುಂದಿಟ್ಟುಕೊಂಡು, ಜೊತೆಗೆ ಹೊಂಗೆ, ತೇಗ, ಹೆಬ್ಬೇವು, ಶ್ರೀಗಂಧ ಮತ್ತು ಗುಡ್ಡದ ಕಾಡುಗಳನ್ನೂ ಸೇರಿಸಿಕೊಂಡು, ಯಾವ ಸಂದರ್ಭದಲ್ಲಿ ಯಾವ ಉಪಾಯ ಮೇಲು ಎಂಬುದನ್ನು ಹೋಲಿಸಲಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬೆಳೆದ ಮರಗಳ ವಿಷಯದಲ್ಲಿ ಸಿಂಪರಣೆ ಕೊನೆಯ ಆಯ್ಕೆಯಾಗಬೇಕು, ನರ್ಸರಿ ಮತ್ತು ಎಳೆಯ ಸಸಿಗಳ ವಿಷಯದಲ್ಲಿ ಮಾತ್ರ ಅದು ಮುಂದಿನ ಸಾಲಿಗೆ ಬರಬಹುದು.

ಕಾರಣ ಗೊತ್ತಾಗದೆ ಆಯ್ಕೆ ಇಲ್ಲ

ಬೇವು ಒಣಗುವುದಕ್ಕೆ ನಮ್ಮ ಕಡೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ, ಮತ್ತು ದೂರದಿಂದ ನೋಡಿದರೆ ನಾಲ್ಕೂ ಒಂದೇ ತೆರನಾಗಿ ಕಾಣುತ್ತವೆ. ಆದ್ದರಿಂದ ಒಂದು ಚಾಕು ಹಿಡಿದು ಮರದ ಹತ್ತಿರ ಹೋಗುವುದು ಮೊದಲ ಕೆಲಸ.

ಮೊದಲನೆಯದು ತುದಿ ಒಣಗು ರೋಗ. ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಮೈಸೂರಿನ ಸಂಶೋಧಕರು 1997ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಈ ರೋಗದಲ್ಲಿ ಕಡ್ಡಿಯ ತುದಿ ಮೊದಲು ಸಾಯುತ್ತದೆ, ಸಾವು ಕೆಳಗಿಳಿಯುತ್ತ ಬರುತ್ತದೆ, ಎಲೆಗಳು ಕಂದು ಬಣ್ಣಕ್ಕೆ ತಿರುಗಿದರೂ ಕೆಲವು ದಿನ ಉದುರದೆ ನೇತಾಡುತ್ತವೆ. ಒಣಗಿದ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆಯುತ್ತ ಬುಡದ ಕಡೆಗೆ ಬಂದರೆ ಒಂದು ಜಾಗದಲ್ಲಿ ಕಂದು ಮುಗಿದು ಹಸಿರು ಶುರುವಾಗುತ್ತದೆ. ಆ ಗೆರೆಯೇ ರೋಗದ ಇಂದಿನ ಗಡಿ. ಮಳೆ ಬಿದ್ದ ಮೇಲೆ ಸತ್ತ ಕಡ್ಡಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ಆ ಚುಕ್ಕೆಗಳೊಳಗೆ ಶಿಲೀಂಧ್ರದ ಬೀಜಕಣಗಳಿರುತ್ತವೆ, ಮಳೆಹನಿಯ ಜೊತೆ ಅವು ಪಕ್ಕದ ಕಡ್ಡಿಗೆ ಚಿಮ್ಮುತ್ತವೆ. ರೋಗ ಮಳೆಗಾಲದಲ್ಲಿ ಏರಿ ಚಳಿಗಾಲದ ಆರಂಭದವರೆಗೆ ಉಗ್ರವಾಗಿರುವುದು ಇದೇ ಕಾರಣಕ್ಕೆ.

ಎರಡನೆಯದು ಟೀ ಸೊಳ್ಳೆ. ಹೆಸರು ಸೊಳ್ಳೆಯದ್ದಾದರೂ ಇದು ರಸ ಹೀರುವ ತಿಗಣೆ. ಕರಾವಳಿಯ ಗೋಡಂಬಿ ಬೆಳೆಗಾರರಿಗೆ ಚೆನ್ನಾಗಿ ಪರಿಚಯವಿರುವ ಕೀಟ. ಎಳೆಯ ಚಿಗುರಿಗೆ ಚುಚ್ಚಿದಲ್ಲೆಲ್ಲ ನೀರು ತುಂಬಿದಂಥ ಕೆಂಗಂದು ಮಚ್ಚೆಯಾಗಿ, ಕೆಲವೊಮ್ಮೆ ಅಂಟು ಜಿನುಗಿ, ಆ ಚಿಗುರು ಬಾಗಿ ಒಣಗುತ್ತದೆ. ಬೆಳೆದ ತಿಗಣೆಯ ಬೆನ್ನಿನ ಮೇಲೆ ಗುಂಡುಪಿನ್ನಿನಂಥ ಒಂದು ಮೊನೆ ನೆಟ್ಟಗೆ ನಿಂತಿರುತ್ತದೆ. ಅದನ್ನು ಒಮ್ಮೆ ಕಂಡವರಿಗೆ ಮತ್ತೆ ಗುರುತು ತಪ್ಪುವುದಿಲ್ಲ. ಮಚ್ಚೆಗಳು ಹಸಿರು ಚಿಗುರಿನ ಮೇಲಷ್ಟೇ ಇದ್ದು, ಕಳೆದ ವರ್ಷದ ಗಟ್ಟಿ ಕಡ್ಡಿ ಹಸಿಯಾಗಿಯೇ ಉಳಿದಿದ್ದರೆ ತಿಗಣೆಯ ಮೇಲೆ ಸಂಶಯ ಪಡಬೇಕು. ಹಲವು ಮರಗಳಲ್ಲಿ ಎರಡೂ ಜೊತೆಗೂಡಿರುತ್ತವೆ, ತಿಗಣೆ ಮಾಡಿದ ಗಾಯದ ಮೂಲಕ ಶಿಲೀಂಧ್ರಗಳೂ ಒಳನುಗ್ಗುತ್ತವೆ.

ಮೂರನೆಯ ಕಾರಣ ನೀರು. ತುಂಗಭದ್ರಾ ಕಾಲುವೆಯ ಪ್ರದೇಶಗಳಾದ ಸಿರುಗುಪ್ಪ, ಗಂಗಾವತಿ, ಸಿಂಧನೂರು, ಮಾನ್ವಿಗಳಲ್ಲಿ ಭತ್ತದ ಗದ್ದೆಯ ನಡುವಿನ ಬದುವಿನ ಮೇಲೆ ನಿಂತ ಬೇವಿಗೆ ವರ್ಷದ ಬಹುಭಾಗ ಬೇರಿನಲ್ಲಿ ಉಸಿರಾಡಲು ಜಾಗವಿರುವುದಿಲ್ಲ. ಸವಳು, ಜವಳು ಆದ ನೆಲದಲ್ಲಿ ಮರ ನೆತ್ತಿಯಿಂದಲೇ ಬೋಳಾಗುತ್ತದೆ. ಇಲ್ಲಿ ಕಪ್ಪು ಚುಕ್ಕೆಯಾಗಲಿ ಮಚ್ಚೆಯಾಗಲಿ ಕಾಣುವುದಿಲ್ಲ, ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬರುತ್ತದೆ. ಇದಕ್ಕೆ ಬಸಿಗಾಲುವೆಯೊಂದೇ ಮದ್ದು. ಎಷ್ಟು ಎಣ್ಣೆ ಹೊಡೆದರೂ ಕೂಲಿ ದಂಡ.

ನಾಲ್ಕನೆಯದು ಮನುಷ್ಯರು ಮಾಡುವ ಗಾಯ. ಭತ್ತದ ಹುಲ್ಲಿಗೆ ಇಟ್ಟ ಬೆಂಕಿ ಬುಡಕ್ಕೆ ತಾಗುವುದು, ರಸ್ತೆಯ ಅಗಲೀಕರಣಕ್ಕೋ ಪೈಪಿಗೋ ಒಂದು ಬದಿಯ ಬೇರನ್ನು ಕತ್ತರಿಸುವುದು, ಬುಡದವರೆಗೂ ಕಾಂಕ್ರೀಟು ಸುರಿಯುವುದು, ಕಳೆನಾಶಕ ಗಾಳಿಯಲ್ಲಿ ಹಾರಿ ಬರುವುದು, ಇವೆಲ್ಲ ಒಂದೆರಡು ವರ್ಷ ಕಳೆದ ಮೇಲೆ ಒಣಗುವಿಕೆಯಾಗಿ ಹೊರಬೀಳುತ್ತವೆ. ಮರದ ಒಂದೇ ಮಗ್ಗುಲು ಒಣಗಿದ್ದರೆ ಆ ಮಗ್ಗುಲಿನ ಬುಡವನ್ನು, ಬೇರನ್ನು ಮೊದಲು ನೋಡಬೇಕು. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಇನ್ನೊಂದು ಗೊಂದಲವಿದೆ: ಎಲೆಯ ಮೇಲಿನ ಕೆಂಪು ಧೂಳನ್ನು ತುಕ್ಕುರೋಗ ಎಂದು ತಿಳಿಯುವವರಿದ್ದಾರೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಹೋಗುತ್ತದೆ, ರೋಗ ಹೋಗುವುದಿಲ್ಲ.

ಬೆಳೆದ ಬೇವಿಗೆ ಇರುವ ದಾರಿಗಳು

ಕಾರಣ ತುದಿ ಒಣಗು ರೋಗವೇ ಎಂದು ಖಚಿತವಾದ ಮೇಲೆ ಸುಮ್ಮನೆ ಬಿಡುವುದು, ಟೊಂಗೆ ಕಡಿಯುವುದು, ಸಿಂಪಡಿಸುವುದು, ಬೇರಿಗೆ ಸುರಿಯುವುದು ಎಂಬ ದಾರಿಗಳು ಉಳಿಯುತ್ತವೆ.

ಸುಮ್ಮನೆ ಬಿಡುವುದೆಂದರೆ ಅಸಡ್ಡೆ ಎಂದು ತಿಳಿಯಬೇಕಾಗಿಲ್ಲ. ಬೆಳೆದ ಬೇವು ಈ ರೋಗದಿಂದ ಸಾಮಾನ್ಯವಾಗಿ ಸಾಯುವುದಿಲ್ಲ. 2021ರ ಮಳೆಗಾಲದಲ್ಲಿ ನೆರೆಯ ತೆಲಂಗಾಣದಲ್ಲಿ ರೋಗ ಊರೂರಿಗೆ ಹಬ್ಬಿ ಬೇವೇ ಇಲ್ಲವಾಗುತ್ತದೆ ಎಂಬಷ್ಟು ಆತಂಕ ಹುಟ್ಟಿಸಿತ್ತು. ಹಾಗೆ ಕರಕಲಾದಂತೆ ಕಂಡ ಬಹಳಷ್ಟು ಮರಗಳು ಬೇಸಿಗೆಯ ಹೊಸ್ತಿಲಲ್ಲಿ ಮತ್ತೆ ಚಿಗುರಿದವು. ಒಣಗಿದ್ದು ತುದಿಯ ಒಂದೆರಡು ಅಡಿ ಮಾತ್ರವಾಗಿದ್ದು, ದಪ್ಪ ಕೊಂಬೆಗಳ ತೊಗಟೆಯ ಕೆಳಗೆ ಹಸಿರಿದ್ದು, ಮರಕ್ಕೆ ಇನ್ನಾವ ತೊಂದರೆಯೂ ಇಲ್ಲದಿದ್ದರೆ ಯುಗಾದಿಯವರೆಗೆ ಕಾಯುವುದು ಪೂರ್ಣ ಸಮರ್ಥನೀಯವಾದ ಆಯ್ಕೆ. ಕಾಯುವಾಗ ಮಾಡಬಹುದಾದ ಒಂದೇ ಕೆಲಸವೆಂದರೆ ಚಳಿಗಾಲ ಕಳೆದ ಮೇಲೆ ಒಂದೆರಡು ಬಾರಿ ನೀರು ಕೊಡುವುದು. ಅದನ್ನು ಬುಡಕ್ಕೆ ಸುರಿಯದೆ ನೆರಳು ಬೀಳುವ ಅಂಚಿನ ಸುತ್ತ ಪಾತಿ ಮಾಡಿ ಕೊಡಬೇಕು, ನೀರು ಹೀರುವ ಬೇರುಗಳು ಹೆಚ್ಚಾಗಿರುವುದು ಅಲ್ಲಿ. ಈ ದಾರಿಯ ದೌರ್ಬಲ್ಯವೂ ಸ್ಪಷ್ಟವಾಗಿದೆ. ಸತ್ತ ಕಡ್ಡಿಗಳು ಮರದಲ್ಲೇ ಉಳಿಯುವುದರಿಂದ ಮುಂದಿನ ಮಳೆಗೆ ರೋಗದ ಬೀಜ ಅಲ್ಲೇ ಸಿದ್ಧವಾಗಿರುತ್ತದೆ, ಮತ್ತು ರೋಗ ಬಂದ ಮರದಲ್ಲಿ ಬೇವಿನಕಾಯಿಯ ಇಳುವರಿ ಬಹುಪಾಲು ನಷ್ಟವಾಗುತ್ತದೆ. ಕಾಯಿ ಆಯ್ದು ಮಾರುವ ಮನೆಗಳಿಗೆ ಅದು ಸಣ್ಣ ಮಾತಲ್ಲ.

ಟೊಂಗೆ ಕಡಿಯುವ ದಾರಿ ಈ ಎಲ್ಲದರಲ್ಲಿ ನನಗೆ ಹೆಚ್ಚು ಭರವಸೆಯದ್ದಾಗಿ ಕಾಣುತ್ತದೆ, ಆದರೆ ಕಡಿಯುವ ಕಾಲ ಮತ್ತು ಅಳತೆ ತಪ್ಪಿದರೆ ಲಾಭಕ್ಕಿಂತ ಹಾನಿ ಹೆಚ್ಚು. ಮಳೆ ಪೂರ್ತಿ ನಿಂತ ಮೇಲೆ, ಹೊಸ ಚಿಗುರು ಬರುವ ಮೊದಲು, ಅಂದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ಆರಂಭದೊಳಗೆ ಕಡಿಯುವುದು ಸೂಕ್ತ. ಮಳೆಯಲ್ಲಿ ಕಡಿದರೆ ಪ್ರತಿ ಗಾಯವೂ ಶಿಲೀಂಧ್ರಕ್ಕೆ ತೆರೆದ ಬಾಗಿಲಾಗುತ್ತದೆ. ಕಂದು ಮತ್ತು ಹಸಿರಿನ ಗಡಿಯಲ್ಲಿ ಕಡಿಯದೆ, ಅದಕ್ಕಿಂತ ಅರ್ಧ ಅಡಿಯಾದರೂ ಹಸಿರಿನೊಳಗೆ ಕಡಿಯಬೇಕು, ಏಕೆಂದರೆ ಕಣ್ಣಿಗೆ ಕಾಣುವ ಗಡಿಯನ್ನು ಶಿಲೀಂಧ್ರ ಆಗಲೇ ದಾಟಿರುತ್ತದೆ. ಕಡಿದ ಕಡ್ಡಿಗಳನ್ನು ಬದುವಿನ ಮೇಲೆ ಬೇಲಿಯಾಗಿ ಒಟ್ಟುವುದು ನಮ್ಮಲ್ಲಿ ರೂಢಿಯಲ್ಲಿದೆ. ಈ ರೋಗದ ಕಡ್ಡಿಗಳಿಗೆ ಅದು ಸಲ್ಲದು, ಮರದಿಂದ ದೂರದಲ್ಲಿ ಸುಡಬೇಕು ಅಥವಾ ಮಳೆಗಾಲಕ್ಕೆ ಮುಂಚೆ ಒಲೆಗೆ ಬಳಸಿ ಮುಗಿಸಬೇಕು. ಒಂದೇ ವರ್ಷದಲ್ಲಿ ಮರದ ತಲೆಯ ಕಾಲುಭಾಗಕ್ಕಿಂತ ಹೆಚ್ಚು ತೆಗೆಯುವುದು ನಮ್ಮ ಬಿಸಿಲಿಗೆ ಒಗ್ಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ನೇರವಾಗಿ ಕೊಂಬೆಯ ತೊಗಟೆಗೆ ಬಿದ್ದರೆ ತೊಗಟೆ ಸೀಳಿ, ಆ ಸೀಳಿನಲ್ಲಿ ಕಾಂಡಕೊರಕಗಳು ಮೊಟ್ಟೆಯಿಡುತ್ತವೆ.

ಹೆಬ್ಬೆರಳಿಗಿಂತ ದಪ್ಪವಾದ ಗಾಯಗಳಿಗೆ ಬೋರ್ಡೋ ಪೇಸ್ಟ್ ಹಚ್ಚುವುದು ಹಳೆಯ ಮತ್ತು ನಂಬಬಹುದಾದ ಕ್ರಮ. ಒಂದು ಕಿಲೋ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಐದು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೈದು ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಿರಬೇಕು, ಕಬ್ಬಿಣದ ಬಕೆಟ್ಟು ಕೂಡದು. ಹದ ನೋಡಲು ಉಜ್ಜಿ ಬೆಳಗಿದ ಕುಡುಗೋಲಿನ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅದರ ಮೇಲೆ ತಾಮ್ರದ ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ, ಲೇಪ ಕೂರದಷ್ಟು ಸುಣ್ಣ ಸೇರಿಸಬೇಕು. ಸಿದ್ಧವಾದದ್ದನ್ನು ಅಂದೇ ಬಳಸಿ ಮುಗಿಸಬೇಕು. ರಸ್ತೆಯ ಮರಗಳಿಗೆ ಬಳಿಯುವ ಸುಣ್ಣ, ಕೆಮ್ಮಣ್ಣಿನ ಪಟ್ಟೆಗೆ ಇದರ ಗುಣವಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅದರಿಂದ ರಾತ್ರಿ ವಾಹನಗಳಿಗೆ ಮರ ಕಾಣುತ್ತದೆ, ಸುಣ್ಣ ತೊಗಟೆಗೆ ತುಸು ತಂಪು ಕೊಡುತ್ತದೆ, ಅಷ್ಟೇ.

ಕಡಿಯುವ ದಾರಿಗೆ ಎದುರಾಗುವ ಅಡ್ಡಿ ಎಂದರೆ ಮರ ಹತ್ತುವವರು. ನಲವತ್ತು ಅಡಿಯ ಬೇವಿನ ಪ್ರತಿಯೊಂದು ಕಡ್ಡಿಯನ್ನೂ ಯಾರೂ ಕಡಿಯಲಾರರು. ಕೈಗೆಟುಕುವ ಕೆಳಭಾಗವನ್ನು ಸ್ವಚ್ಛಗೊಳಿಸಿ, ಮೇಲ್ಭಾಗದಲ್ಲಿ ಹೆಚ್ಚು ಕೆಟ್ಟ ಎರಡು ಮೂರು ಕೊಂಬೆಗಳನ್ನು ಮಾತ್ರ ತೆಗೆದರೂ ರೋಗದ ಹೊರೆ ಕಡಿಮೆಯಾಗುತ್ತದೆ. ಒಣಗಿದೆ ಎಂಬ ನೆಪದಲ್ಲಿ ಇಡೀ ಮರವನ್ನೇ ಕೆಡಹುವ ಆತುರ ಕಾಣುತ್ತಿದೆ, ಅದು ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿರುವುದರಿಂದ ಸ್ವಂತ ಹೊಲದ ಮರವಾದರೂ ಕಡಿಯುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸಿಂಪರಣೆಗೆ ಬರೋಣ. ಶಿಲೀಂಧ್ರಕ್ಕೆ ಕಾರ್ಬೆಂಡಜಿಮ್ ಅನ್ನು ಲೀಟರ್ ನೀರಿಗೆ ಒಂದು ಗ್ರಾಂ ಪ್ರಮಾಣದಲ್ಲಿ ಬಳಸುವುದು ರೂಢಿ, ಮತ್ತು ಔಷಧ ತಾಗಿದ ಕಡ್ಡಿಯಲ್ಲಿ ಅದು ಕೆಲಸ ಮಾಡುತ್ತದೆ. ಪ್ರಶ್ನೆ ಇರುವುದು ತಾಗುವುದರಲ್ಲಿ. ಬೆನ್ನಿನ ಪಂಪಿನ ಹನಿ ಹತ್ತು ಹದಿನೈದು ಅಡಿಗೆ ಮುಗಿಯುತ್ತದೆ, ರೋಗವಿರುವುದು ನೆತ್ತಿಯಲ್ಲಿ. ಟ್ರ್ಯಾಕ್ಟರಿಗೆ ಜೋಡಿಸಿದ ಗನ್ ಸ್ಪ್ರೇಯರ್ ತಂದರೆ ಎತ್ತರಕ್ಕೆ ತಲುಪಬಹುದು. ಆಗ ಒಂದು ದೊಡ್ಡ ಮರಕ್ಕೆ ನೂರಾರು ಲೀಟರ್ ದ್ರಾವಣ ಬೇಕಾಗುತ್ತದೆ, ಅದರ ಬಹುಪಾಲು ಹೊಡೆಯುವವನ ಮೈಮೇಲೆ, ಪಕ್ಕದ ಮನೆಯ ಮಾಳಿಗೆಯ ಮೇಲೆ, ನೀರಿನ ತೊಟ್ಟಿಯಲ್ಲಿ ಬೀಳುತ್ತದೆ. ಅಷ್ಟಾದರೂ ಒಮ್ಮೆ ಹೊಡೆದರೆ ಸಾಲದು, ಮಳೆಗಾಲದುದ್ದಕ್ಕೂ ಮತ್ತೆ ಹೊಡೆಯಬೇಕು. ಒಂಟಿ ಮರವಾಗಿದ್ದು, ಸುತ್ತ ಮನೆಗಳಿಲ್ಲದೆ, ಕಾಯಿಯ ಆದಾಯ ಮುಖ್ಯವಾಗಿದ್ದರೆ ಮಾತ್ರ ಈ ಖರ್ಚನ್ನು ಯೋಚಿಸಬಹುದು. ಆಗಲೂ ಮೊದಲು ಕಡಿದು, ಮುಂಗಾರು ಶುರುವಾಗುವಾಗ ಸಿಂಪಡಿಸುವುದು ಕ್ರಮ. ಸತ್ತ ಕಡ್ಡಿಗಳನ್ನು ಹಾಗೇ ಬಿಟ್ಟು ಅವುಗಳ ಮೇಲೆ ಔಷಧ ಸುರಿಯುವುದರಲ್ಲಿ ಅರ್ಥವಿಲ್ಲ.

ಸಿಂಪರಣೆಗೆ ಇನ್ನೊಂದು ದೊಡ್ಡ ತೊಡಕು ಕುರಿ. ನಮ್ಮ ಮೂರೂ ಜಿಲ್ಲೆಗಳಲ್ಲಿ ಕುರಿಗಾರರು ಮೇವು ಬತ್ತಿದಾಗ ಬೇವಿನ, ಬನ್ನಿಯ, ಜಾಲಿಯ ಟೊಂಗೆ ಕಡಿದು ಮಂದೆಗೆ ಹಾಕುತ್ತಾರೆ. ನಿಮ್ಮ ಬದುವಿನ ಮರಕ್ಕೆ ಎಣ್ಣೆ ಹೊಡೆದಿದೆ ಎಂಬುದು ಮರುದಿನ ಆ ದಾರಿಯಲ್ಲಿ ಬಂದವರಿಗೆ ತಿಳಿಯುವುದು ಹೇಗೆ? ಹೊಡೆಯಲೇಬೇಕೆಂದಾದರೆ ಮರಕ್ಕೆ ಕೆಂಪು ಬಟ್ಟೆ ಕಟ್ಟಿ, ಊರಿನಲ್ಲಿ ಹೇಳಿಸಿ, ಡಬ್ಬಿಯ ಮೇಲೆ ಬರೆದ ಅವಧಿಯವರೆಗೆ ಸೊಪ್ಪು ಮುಟ್ಟದಂತೆ ನೋಡಿಕೊಳ್ಳುವ ಹೊಣೆ ಹೊಡೆಸಿದವರದ್ದು. ಹಲ್ಲುಜ್ಜಲು ಬೇವಿನ ಕಡ್ಡಿ ಮುರಿಯುವವರು ಇನ್ನೂ ಇದ್ದಾರೆ ಎಂಬುದೂ ನೆನಪಿರಲಿ. ಹೂವಿರುವ ಮಾರ್ಚ್, ಏಪ್ರಿಲ್ ತಿಂಗಳಲ್ಲಂತೂ ಕೀಟನಾಶಕವನ್ನು ಯಾವ ಕಾರಣಕ್ಕೂ ಹೊಡೆಯಬಾರದು.

ಬೇರಿಗೆ ಶಿಲೀಂಧ್ರನಾಶಕ ಸುರಿಯುವ ಕ್ರಮವನ್ನು ತೆಲಂಗಾಣದಲ್ಲಿ ಸಿಂಪರಣೆಯ ಜೊತೆಗೇ ಸೂಚಿಸಲಾಗಿತ್ತು. ಚಿಕ್ಕ ಮರಗಳಿಗೆ ಅದು ಸಿಂಪರಣೆಗಿಂತ ಸುರಕ್ಷಿತ, ಗಾಳಿಗೆ ಹಾರುವ ಭಯವಿಲ್ಲ. ದೊಡ್ಡ ಮರದ ಬೇರು ಹರಡಿದ ವಿಸ್ತಾರಕ್ಕೆ ಹೋಲಿಸಿದರೆ ನಾವು ಸುರಿಯುವ ಒಂದೆರಡು ಕೊಡ ಏನೂ ಅಲ್ಲ. ಅದರಲ್ಲೂ ಎರೆಭೂಮಿಯ ಜಿಗುಟು ಮಣ್ಣು ಔಷಧದ ದೊಡ್ಡ ಪಾಲನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕಾಂಡಕ್ಕೆ ಡ್ರಿಲ್ ಹಾಕಿ ಔಷಧ ಚುಚ್ಚುವುದನ್ನು ನಾನು ಒಪ್ಪುವುದಿಲ್ಲ. ಆ ತೂತು ವರ್ಷಗಟ್ಟಲೆ ಮುಚ್ಚುವುದಿಲ್ಲ, ಔಷಧ ಸೊಪ್ಪಿಗೂ ಕಾಯಿಗೂ ಸೇರುತ್ತದೆ.

ಬುಡಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಹಾಕುವ ಸಲಹೆಯೂ ಚಾಲ್ತಿಯಲ್ಲಿದೆ. ಒಂದು ಕಿಲೋ ಟ್ರೈಕೋಡರ್ಮಾವನ್ನು ಕ್ವಿಂಟಾಲ್ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು, ಹತ್ತು ಹದಿನೈದು ದಿನ ಬಿಟ್ಟು ಮಳೆಯ ಹದಕ್ಕೆ ಮಣ್ಣಿಗೆ ಸೇರಿಸಿದರೆ ಬೇರುಕೊಳೆಗೆ ನಿಜವಾಗಿ ಉಪಯೋಗವಿದೆ. ನಲವತ್ತು ಅಡಿ ಮೇಲಿನ ಕಡ್ಡಿಯ ರೋಗವನ್ನು ಅದು ತಡೆಯುತ್ತದೆಂದು ನಿರೀಕ್ಷಿಸುವುದು ಹೆಚ್ಚಾಯಿತು. ಅದನ್ನು ಹಾಕಿದ ಜಾಗಕ್ಕೇ ಶಿಲೀಂಧ್ರನಾಶಕ ಸುರಿದರೆ ಟ್ರೈಕೋಡರ್ಮಾ ಕೂಡ ಸಾಯುತ್ತದೆ, ಅದೂ ಒಂದು ಶಿಲೀಂಧ್ರವೇ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಸಸಿಗಳ ಲೆಕ್ಕ ಬೇರೆ

ನರ್ಸರಿಯಲ್ಲಿ ಮತ್ತು ನೆಟ್ಟ ಮೊದಲ ಎರಡು ಮೂರು ವರ್ಷಗಳಲ್ಲಿ ಮೇಲಿನ ತೂಕ ಪೂರ್ತಿ ತಿರುಗುತ್ತದೆ. ಸಸಿಗೆ ಒಣಗಿದ ತುದಿಯ ಒಂದಡಿಯೇ ಅದರ ಅರ್ಧ ಮೈ. ಕಾಯುತ್ತ ಕೂತರೆ ಸಸಿಯೇ ಹೋಗುತ್ತದೆ. ಎತ್ತರವಿಲ್ಲದಿರುವುದರಿಂದ ಔಷಧ ಪೂರ್ತಿ ತಾಗುತ್ತದೆ, ಪ್ರಮಾಣವೂ ಸ್ವಲ್ಪವೇ ಸಾಕು. ಒಣಗಿದ್ದನ್ನು ಚಿವುಟಿ ತೆಗೆದು ಕಾರ್ಬೆಂಡಜಿಮ್ ಅಥವಾ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಇಲ್ಲಿ ಸರಿಯಾದ ಆಯ್ಕೆ. ಶೇ. 1ರ ದ್ರಾವಣಕ್ಕೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಟೀ ಸೊಳ್ಳೆ ಕಂಡರೆ ಗೋಡಂಬಿಯಲ್ಲಿ ಬಳಸುವ ಲ್ಯಾಂಬ್ಡಾ ಸೈಹಲೋಥ್ರಿನ್ ಲೀಟರಿಗೆ 0.6 ಮಿ.ಲೀ.ನಂತೆ ಸಾಕಾಗುತ್ತದೆ. ಬೇವಿನ ಬೀಜದ ಕಷಾಯವನ್ನು ಬೇವಿಗೇ ಹೊಡೆಯುವ ಸಲಹೆಯನ್ನು ಕೆಲವರು ಕೊಡುತ್ತಾರೆ; ಬೇವಿನ ರಸವನ್ನೇ ಕುಡಿದು ಬದುಕುವ ತಿಗಣೆ ಅದಕ್ಕೆ ಎಷ್ಟು ಹೆದರೀತು ಎಂಬುದು ನನ್ನ ಅನುಮಾನ. ಹೆಬ್ಬೇವು, ತೇಗದಂಥ ಇತರ ಸಸಿಗಳ ಎಲೆ ತಿನ್ನುವ ಹುಳುಗಳಿಗೆ ಶೇ. 5ರ ಕಷಾಯ ಒಳ್ಳೆಯದೇ.

ಔಷಧಕ್ಕಿಂತ ದೊಡ್ಡ ಆಯ್ಕೆ ಇಲ್ಲಿ ಬೀಜದ್ದು. ತುದಿ ಒಣಗು ರೋಗ ಬೀಜದ ಮೂಲಕವೂ ಹೋಗುತ್ತದೆ ಎಂಬುದು ತಿಳಿದಿರುವ ಸಂಗತಿ. ರಸ್ತೆಬದಿಯಲ್ಲಿ ಉದುರಿದ ಕಾಯಿಯನ್ನು ಗುಡಿಸಿ ತಂದು ಬಿತ್ತಿದರೆ ರೋಗವನ್ನೇ ಬಿತ್ತಿದಂತೆ. ಹಿಂದಿನ ಮಳೆಗಾಲದಲ್ಲಿ ಒಣಗದೆ ನಿಂತ ಮರಗಳನ್ನು ಗುರುತಿಟ್ಟು, ಜೂನ್, ಜುಲೈನಲ್ಲಿ ಅವುಗಳಿಂದಲೇ ಕಾಯಿ ಆಯ್ದು, ತಿರುಳು ತೆಗೆದು, ನೆರಳಿನಲ್ಲಿ ಆರಿಸಿ ತಡಮಾಡದೆ ಬಿತ್ತುವುದು ಯಾವ ಸಿಂಪರಣೆಗಿಂತಲೂ ಅಗ್ಗ.

ಹೊಸದಾಗಿ ತೋಪು ಮಾಡುವವರು ಯಾವ ಮರ ನೆಡಬೇಕೆಂದು ಯೋಚಿಸುವಾಗಲೂ ರೋಗದ ಲೆಕ್ಕ ಹಾಕುವುದು ಲೇಸು. 2001ರ ಕಾನೂನು ತಿದ್ದುಪಡಿಯ ನಂತರ ಶ್ರೀಗಂಧ ಬೆಳೆದವರದ್ದೇ ಆಸ್ತಿಯಾದ್ದರಿಂದ ನಮ್ಮ ಭಾಗದಲ್ಲೂ ಅದನ್ನು ಹಾಕುವವರಿದ್ದಾರೆ. ಅದಕ್ಕೆ ಬರುವ ಸ್ಪೈಕ್ ರೋಗಕ್ಕೆ, ಎಲೆಗಳು ಸೂಜಿಯಂತೆ ಸಣ್ಣದಾಗಿ ಗೊಂಚಲು ಗೊಂಚಲಾಗುವ ಆ ರೋಗಕ್ಕೆ, ಇಂದಿಗೂ ಮದ್ದಿಲ್ಲ; ರೋಗ ಕಂಡ ಗಿಡವನ್ನು ಕಿತ್ತು ತೆಗೆಯುವುದೊಂದೇ ದಾರಿ. ಒಂದೇ ಜಾತಿಯನ್ನು ಎಕರೆಗಟ್ಟಲೆ ಹಾಕಿದ ತೋಪಿಗೂ, ಬೇವು, ಹೊಂಗೆ, ಹುಣಸೆ, ಕಮರ, ತಪಸಿಗಳನ್ನು ಕಲಸಿ ಹಾಕಿದ ತೋಪಿಗೂ ಹೋಲಿಸಿದರೆ ಎರಡನೆಯದರಲ್ಲಿ ಆದಾಯ ನಿಧಾನ, ಆದರೆ ಒಂದು ರೋಗಕ್ಕೆ ಇಡೀ ತೋಪು ಬಲಿಯಾಗುವುದಿಲ್ಲ. ಸಾಲ ಮಾಡಿ ತೋಪು ಹಾಕುವವರಿಗೆ ನಾನು ಕಲಸು ತೋಪನ್ನೇ ಹೇಳುತ್ತೇನೆ.

ಕೈ ಕಟ್ಟಿ ಕೂರಬೇಕಾದಲ್ಲಿ

ಹೊಂಗೆಯ ಎಲೆಗಳ ಮೇಲೆ ಬೆರಳಿನಂತೆ ಎದ್ದ ಗಂಟುಗಳನ್ನು ಕಂಡು ಔಷಧ ಕೇಳುವವರು ಬಹಳ. ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ನೋಡಲು ವಿಕಾರ, ಬೆಳೆದ ಮರಕ್ಕೆ ಹಾನಿ ಅತ್ಯಲ್ಪ. ತೇಗದ ಎಲೆಗಳನ್ನು ಮುಂಗಾರಿನ ಆರಂಭದಲ್ಲಿ ಹುಳು ತಿಂದು ಮರ ಬೋಳಾದರೂ ಕೆಲವೇ ವಾರಗಳಲ್ಲಿ ಹೊಸ ಎಲೆ ಬರುತ್ತದೆ, ಸಾಯುವ ಮಾತಿಲ್ಲ. ತೆಂಗಿನ ಗರಿಯ ಕೆಳಗೆ ಸುರುಳಿಯಾಗಿ ಮೊಟ್ಟೆಯಿಡುವ ರುಗೋಸ್ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡಾಗಿನಿಂದ ತಜ್ಞರು ಹೇಳುತ್ತ ಬಂದಿರುವುದು ಒಂದೇ ಮಾತು, ಕೀಟನಾಶಕ ಹೊಡೆಯಬೇಡಿ, ಹೊಡೆದರೆ ಅದನ್ನು ಹತೋಟಿಯಲ್ಲಿಡುವ ಎನ್ಕಾರ್ಸಿಯಾ ಎಂಬ ಪರತಂತ್ರ ಕೀಟವೂ ಸಾಯುತ್ತದೆ. ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆಯದ್ದೂ ಇದೇ ಪಾಠ: 2008ರಲ್ಲಿ ದಕ್ಷಿಣ ಭಾರತಕ್ಕೆ ಬಂದು ಪಪ್ಪಾಯಿಯ ಜೊತೆ ಹಿಪ್ಪುನೇರಳೆ, ತೇಗಗಳಿಗೂ ಹಬ್ಬಿ ಔಷಧಗಳಿಗೆ ಬಗ್ಗದೆ ಹೋದ ಆ ಕೀಟವನ್ನು, 2010ರಲ್ಲಿ ಬೆಂಗಳೂರಿನ ಸಂಸ್ಥೆಯ ಮೂಲಕ ಹೊರದೇಶದಿಂದ ತರಿಸಿ ಬಿಟ್ಟ ಸಣ್ಣ ಕಣಜವೊಂದು ಹತೋಟಿಗೆ ತಂದಿತು.

ಕೈಯಿಂದಲೇ ಆಗುವ ಕೆಲಸಗಳು

ಕೊಂಬೆಗೆ ಅಂಟಿ ಮರದ ರಸದಲ್ಲೇ ಬದುಕುವ ಬಂದಳಿಕೆ ಗಿಡಕ್ಕೆ ಔಷಧ ಹುಡುಕಬೇಕಾಗಿಲ್ಲ. ಹಕ್ಕಿಗಳು ಅಂಟಿನ ಬೀಜವನ್ನು ಕೊಂಬೆಗೆ ಒರೆಸಿ ಹೋಗುವುದರಿಂದ ಅದು ಹರಡುತ್ತದೆ. ಹಣ್ಣಾಗುವ ಮುಂಚೆ, ಅದು ಅಂಟಿದ ಜಾಗದಿಂದ ಒಂದಡಿಯಾದರೂ ಬುಡದ ಕಡೆಗೆ ಕೊಂಬೆಯನ್ನೇ ಕಡಿಯಬೇಕು. ಬಂದಳಿಕೆಯನ್ನು ಮಾತ್ರ ಕಿತ್ತರೆ ಮರದೊಳಗಿನ ಬೇರಿನಿಂದ ಮತ್ತೆ ಬರುತ್ತದೆ.

ತೊಗಟೆ ತಿನ್ನುವ ಹುಳುವನ್ನು ಗುರುತಿಸುವುದು ಸುಲಭ. ಕೊಂಬೆ ಕವಲೊಡೆಯುವ ಸಂದಿಯಲ್ಲಿ ಹಿಕ್ಕೆ ಮತ್ತು ಮರದ ಪುಡಿಯನ್ನು ರೇಷ್ಮೆಯಲ್ಲಿ ಹೆಣೆದ ಕಂದು ಬಣ್ಣದ ಪಟ್ಟಿಯೊಂದು ತೊಗಟೆಯ ಮೇಲೆ ಹರಿದಿರುತ್ತದೆ, ಅದರ ಒಂದು ತುದಿಯಲ್ಲಿ ಬೆರಳು ಹೋಗುವಷ್ಟು ತೂತು. ಹುಳು ಹಗಲು ತೂತಿನಲ್ಲಿ ಅಡಗಿ ರಾತ್ರಿ ಪಟ್ಟಿಯ ಕೆಳಗೆ ಬಂದು ತಿನ್ನುತ್ತದೆ. ಹೊರಗಿನಿಂದ ಸಿಂಪಡಿಸಿದರೆ ಒಳಗಿನ ಹುಳುವಿಗೆ ಏನೂ ಆಗುವುದಿಲ್ಲ. ಪಟ್ಟಿಯನ್ನು ಕೆರೆದು, ತಂತಿ ತೂರಿಸಿ ಹುಳುವನ್ನು ಕೊಂದು, ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಹಸಿಮಣ್ಣಿನಿಂದ ಮುಚ್ಚಬೇಕು. ಇದಕ್ಕೆ ಹಿಂದೆ ಬಳಸುತ್ತಿದ್ದ ಡೈಕ್ಲೋರ್ವಾಸ್ ಎಂಬ ಕೀಟನಾಶಕ 2020ರ ಕೊನೆಯಿಂದ ದೇಶದಲ್ಲಿ ನಿಷೇಧವಾಗಿದೆ, ಹಳೆಯ ಸೀಸೆ ಮನೆಯಲ್ಲಿದ್ದರೂ ಬಳಸಕೂಡದು.

ಗೆದ್ದಲಿನ ವಿಷಯದಲ್ಲಿ ಮರದ ವಯಸ್ಸೇ ತೀರ್ಮಾನಿಸುತ್ತದೆ. ಬೆಳೆದ ಮರದ ಮೇಲಿನ ಮಣ್ಣಿನ ಹೊದಿಕೆಯನ್ನು ಕೆರೆದು ನೋಡಿದರೆ ಸಾಮಾನ್ಯವಾಗಿ ಸತ್ತ ಹೊರತೊಗಟೆ ಮಾತ್ರ ತಿಂದಿರುತ್ತದೆ, ಕೆಳಗಿನ ಜೀವಂತ ತೊಗಟೆ ಹಾಗೇ ಇರುತ್ತದೆ. ಪೊರಕೆಯಿಂದ ಗುಡಿಸಿದರೆ ಸಾಕು. ಕೆಂಪು ಮಸಾರಿ ನೆಲದಲ್ಲಿ ಹೊಸದಾಗಿ ನೆಟ್ಟ ಸಸಿಗಳಿಗೆ ಮಾತ್ರ ಗೆದ್ದಲು ನಿಜವಾದ ಶತ್ರು. ಹಸಿ ಸಗಣಿಯ ಗೊಬ್ಬರ ಗುಂಡಿಗೆ ಹಾಕಿದರೆ ಅದನ್ನು ಕರೆದು ತಂದಂತೆ. ಪೂರ್ತಿ ಕಳಿತ ಗೊಬ್ಬರ, ಜೊತೆಗೆ ಬೇವಿನ ಹಿಂಡಿ ಮೊದಲ ಆಯ್ಕೆ. ಅದರಿಂದ ತಡೆಯದಿದ್ದರೆ ಮಾತ್ರ ಕ್ಲೋರ್‌ಪೈರಿಫಾಸನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಗುಂಡಿಗೆ ಕೊಡಬಹುದು.

ಗುಡ್ಡದ ಕಾಡು

ಸಂಡೂರಿನ ಬೆಟ್ಟಗಳಲ್ಲಿ, ಗಂಗಾವತಿಯ ಸುತ್ತಲಿನ ಬಂಡೆಗುಡ್ಡಗಳಲ್ಲಿ, ಊರ ಗೋಮಾಳ ಮತ್ತು ದೇವರ ತೋಪುಗಳಲ್ಲಿ ರೋಗ ಕಂಡಾಗ ಮೇಲಿನ ಯಾವ ಔಷಧವೂ ಆಯ್ಕೆಯೇ ಅಲ್ಲ. 1994ರಲ್ಲಿ ಘೋಷಿಸಲಾದ ದರೋಜಿ ಕರಡಿಧಾಮದ ಉದಾಹರಣೆಯನ್ನೇ ನೋಡಬಹುದು: ಅಲ್ಲಿನ ಕರಡಿಗಳಿಗೆ ಗೆದ್ದಲು ಮುಖ್ಯ ಆಹಾರ, ತೊಗಟೆ ಸಡಿಲವಾದ ಒಣಮರ ಕೀಟಗಳಿಗೂ ಮರಕುಟಿಗಗಳಿಗೂ ಮನೆ. ಹೊಲದಲ್ಲಿ ಶತ್ರುವಾದದ್ದು ಅಲ್ಲಿ ಅನ್ನವಾಗುತ್ತದೆ, ಆದ್ದರಿಂದ ಕಾಡಿನ ಒಂದು ಮರ ಒಣಗಿದರೆ ಅದನ್ನು ರೋಗವೆಂದು ಎಣಿಸಬೇಕಾಗಿಲ್ಲ. ಒಂದೇ ಜಾತಿಯ ಮರಗಳು ಗುಂಪಾಗಿ, ಒಂದೇ ಋತುವಿನಲ್ಲಿ ಒಣಗುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ. ಅರಣ್ಯದೊಳಗೆ ಕಡಿಯುವ, ಸಿಂಪಡಿಸುವ ಅಧಿಕಾರ ನಮಗಿಲ್ಲ.

ಊರಿನವರ ಕೈಯಲ್ಲಿರುವುದು ಬೆಂಕಿ ಮತ್ತು ಕೊಡಲಿ. ಬೇಸಿಗೆಯ ಬೆಂಕಿ ಸುಟ್ಟ ತೊಗಟೆಗೇ ಕೊರಕ ಹುಳುಗಳು ಮೊದಲು ಮುತ್ತುವುದು, ಸೊಪ್ಪಿಗಾಗಿ ಬೋಳು ಮಾಡಿದ ದಿಂಡಿಗದ ಮರಕ್ಕೇ ಒಣಗು ಮೊದಲು ಬರುವುದು. ಕೊಂಬೆಯನ್ನು ಕಾಂಡಕ್ಕೆ ಸಮವಾಗಿ ಸೀಳದೆ, ಬುಡದ ಉಬ್ಬನ್ನು ಉಳಿಸಿ ಕಡಿಯುವಂತೆ ಕುರಿಗಾರರೊಂದಿಗೆ ಒಪ್ಪಂದ ಮಾಡಿಕೊಂಡರೆ ಅದು ಔಷಧವಿಲ್ಲದ ರಕ್ಷಣೆ. ಬುಡದಲ್ಲಿ ಗಟ್ಟಿ ಅಣಬೆ ಹುಟ್ಟಿದ ಹಳೆಯ ಹುಣಸೆ, ಹೊಂಗೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅಣಬೆ ಹೊರಬರುವ ಹೊತ್ತಿಗೆ ಬೇರು ಒಳಗೆ ಕೊಳೆತಿರುತ್ತದೆ, ಅದಕ್ಕೆ ಚಿಕಿತ್ಸೆ ಇಲ್ಲ. ಜಾತ್ರೆ ಸೇರುವ, ಬಸ್ಸು ನಿಲ್ಲುವ ಜಾಗದಲ್ಲಿದ್ದರೆ ಅನುಮತಿ ಪಡೆದು ತೆಗೆಸಬೇಕು, ಜನ ಓಡಾಡದ ಜಾಗದಲ್ಲಿದ್ದರೆ ತಾನಾಗಿ ಬೀಳುವವರೆಗೆ ಬಿಡಬಹುದು.

ತೀರ್ಮಾನಕ್ಕೆ ಬರಲಾಗದಿದ್ದರೆ

2008ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಬಳ್ಳಾರಿ ಹತ್ತಿರದ ಹಗರಿ ಮತ್ತು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಾದರಿ ತೋರಿಸಿ ಕೇಳಬಹುದು. ಪೂರ್ತಿ ಒಣಗಿದ ಕಡ್ಡಿಯನ್ನು ಒಯ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಅದರ ಮೇಲೆ ಆಮೇಲೆ ಬಂದ ಬೂಷ್ಟುಗಳೇ ಹೆಚ್ಚಿರುತ್ತವೆ. ಕಂದು ಮತ್ತು ಹಸಿರು ಎರಡೂ ಸೇರಿದ ಗಡಿಯ ಭಾಗವನ್ನು ಗೇಣುದ್ದ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಲು ಬಿಡದೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಂದೇ ಒಯ್ಯಬೇಕು. ಇಡೀ ಮರದ ಒಂದು ಫೋಟೋ, ಬುಡದ ಒಂದು ಫೋಟೋ ಜೊತೆಗಿರಲಿ. ಕಾಲುವೆಗೆ ಮರ ಎಷ್ಟು ದೂರ, ಪಕ್ಕದ ಹೊಲಕ್ಕೆ ಯಾವ ಕಳೆನಾಶಕ ಹೊಡೆದಿದ್ದಾರೆ, ಒಣಗಲು ಶುರುವಾದದ್ದು ಯಾವ ತಿಂಗಳು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಕೇಳಿದ ಕೂಡಲೇ ಉತ್ತರ ಕೊಡಲು ಅವರಿಗೆ ಅನುಕೂಲ.